ಪ್ರಾಡಕ್ಟ್ ಮ್ಯಾನೇಜರ್ ಸಂದರ್ಶನ: ಗಡಿನಾಡ ಮಕ್ಕಳು ಎಲ್ಲಿ ಎಡವುತ್ತಿದ್ದಾರೆ?



ನಮ್ಮ ಮನೆಗಳಲ್ಲಿ ನೌಕರಿಯ ಮಾತು ಬಂದರೆ ಇಷ್ಟು ದಿನ ಕೇಳಿಬರುತ್ತಿದ್ದದ್ದು ನಾಲ್ಕೈದು ಹೆಸರು ಮಾತ್ರ. ಮೇಷ್ಟ್ರು, ಪೊಲೀಸ್, ಬ್ಯಾಂಕು, ರೈಲ್ವೆ, ಹೆಚ್ಚೆಂದರೆ ಸಾಫ್ಟ್‌ವೇರ್. ದಾಮರಗಿದ್ದ, ಮಕ್ತಲ್, ಕೃಷ್ಣಾ, ನಾರಾಯಣಪೇಟೆ, ಗದ್ವಾಲ ಕಡೆಯಿಂದ ಹೋಗಿ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಎಂಜಿನಿಯರಿಂಗ್, ಎಂಬಿಎ ಮುಗಿಸಿದ ಮಕ್ಕಳ ಬಾಯಲ್ಲಿ ಈಗ ಇನ್ನೊಂದು ಹೆಸರು ಕೇಳುತ್ತಿದೆ. ಅದೇ ಪ್ರಾಡಕ್ಟ್ ಮ್ಯಾನೇಜರ್. ಈ ಕೆಲಸಕ್ಕೆ ಸಂಬಳ ಚೆನ್ನಾಗಿದೆ, ಪೈಪೋಟಿಯೂ ಅಷ್ಟೇ ಇದೆ. ಇದರ ಸಂದರ್ಶನಕ್ಕೆ ಹೋಗಿ ಬಂದವರ ಅನುಭವ ಮಾತ್ರ ಬೇರೆ ನೌಕರಿಗಳಂತಿಲ್ಲ. ಈ ಸಲದ ವಿಶ್ಲೇಷಣೆ ಅದರ ಬಗ್ಗೆ.

ಇಂಥದೊಂದು ಮಾತುಕತೆ ನಮ್ಮಲ್ಲಿ ಯಾರ ಮನೆಯಲ್ಲಾದರೂ ನಡೆಯಬಹುದು.

“ಮ್ಯಾನೇಜರ್ ಅಂದಮ್ಯಾಲ ನಿನ್ನ ಕೈಕೆಳಗ ಎಷ್ಟು ಮಂದಿ ಇರ್ತಾರವ್ವ?”

“ಒಬ್ರೂ ಇರಂಗಿಲ್ಲಪ್ಪ.”

“ಹಂಗಂದ್ರ ಅದೆಂಥಾ ಮ್ಯಾನೇಜರ್‌ಕಿ?”

ಅಪ್ಪನ ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಗೊತ್ತಾದರೆ ಸಂದರ್ಶನ ಯಾಕೆ ಹಾಗಿರುತ್ತದೆ ಎಂಬುದೂ ಅರ್ಧ ಗೊತ್ತಾದಂತೆ.

ಇದು ಎಂಥ ಕೆಲಸ?

ಮದುವೆ ಮನೆಯಲ್ಲಿ ಓಡಾಡುವ ಸೋದರಮಾವನನ್ನು ನೆನೆಸಿಕೊಳ್ಳಿ. ಅಡುಗೆಯವರು, ಬಾಜಾದವರು, ಪೆಂಡಾಲಿನವರು ಯಾರೂ ಅವನ ಆಳುಗಳಲ್ಲ. ಪುರೋಹಿತರಿಗೆ ಅವನು ಆಜ್ಞೆ ಮಾಡುವಂತಿಲ್ಲ. ಆದರೂ ಮುಹೂರ್ತಕ್ಕೆ ಎಲ್ಲವೂ ಸಿದ್ಧವಾಗಬೇಕು, ಬೀಗರು ಸಂತೋಷವಾಗಿ ಉಂಡು ಹೋಗಬೇಕು, ಖರ್ಚು ಕೈಮೀರಬಾರದು. ಏನಾದರೂ ತಪ್ಪಿದರೆ ಎಲ್ಲರೂ ಕೇಳುವುದು ಅವನನ್ನೇ. ಪ್ರಾಡಕ್ಟ್ ಮ್ಯಾನೇಜರ್ ಕೆಲಸವೂ ಹೆಚ್ಚುಕಡಿಮೆ ಹೀಗೆ. ಒಂದು ಆ್ಯಪ್ ಅಥವಾ ಸೇವೆ ಯಾರಿಗಾಗಿ, ಅವರ ಯಾವ ತೊಂದರೆಯನ್ನು ಅದು ತೀರಿಸಬೇಕು, ಮೊದಲು ಏನು ಮಾಡಬೇಕು, ಏನನ್ನು ಈಗ ಬಿಡಬೇಕು ಎಂದು ತೀರ್ಮಾನಿಸಿ, ಎಂಜಿನಿಯರ್, ಡಿಸೈನರ್, ಮಾರಾಟದವರು ಎಲ್ಲರನ್ನೂ ಒಪ್ಪಿಸಿ ಕೆಲಸ ಮುಗಿಸಬೇಕು.

ಈ ಕೆಲಸದ ಬೇರು ಕಂಪ್ಯೂಟರಿಗಿಂತ ಹಳೆಯದು. 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್, ಸೋಪಿನ ಒಂದೊಂದು ಬ್ರ್ಯಾಂಡಿಗೂ ಪೂರ್ತಿ ಹೊಣೆ ಹೊರುವ ವ್ಯಕ್ತಿ ಬೇಕು ಎಂದು ಮೇಲಿನವರಿಗೆ ಟಿಪ್ಪಣಿ ಬರೆದರು. ಮುಂದೆ ಆ ಯೋಚನೆ ತಂತ್ರಜ್ಞಾನ ಕಂಪನಿಗಳಿಗೂ ಬಂತು. 2002ರಲ್ಲಿ ಗೂಗಲ್, ಕಾಲೇಜು ಮುಗಿಸಿದ ಹೊಸಬರನ್ನೇ ಈ ಕೆಲಸಕ್ಕೆ ತಯಾರು ಮಾಡುವ ಯೋಜನೆ ಶುರುಮಾಡಿತು. ನಮ್ಮ ದೇಶದಲ್ಲಿ ಫ್ಲಿಪ್‌ಕಾರ್ಟ್, ಫೋನ್‌ಪೇ, ಸ್ವಿಗ್ಗಿಯಂಥ ಕಂಪನಿಗಳು ಬೆಳೆದಂತೆ ಬೆಂಗಳೂರು ಈ ಹುದ್ದೆಯ ದೊಡ್ಡ ಊರಾಯಿತು. ಹೈದರಾಬಾದಿನ ಹೈಟೆಕ್ ಸಿಟಿ, ಗಚ್ಚಿಬೌಲಿಯ ವಿದೇಶಿ ಕಂಪನಿಗಳ ಕೇಂದ್ರಗಳಲ್ಲೂ ಈ ಹುದ್ದೆಗಳಿವೆ. ಇಂಥ ಕೇಂದ್ರಗಳು 2024ರ ಹೊತ್ತಿಗೆ ದೇಶದಲ್ಲಿ 1,700ಕ್ಕೂ ಹೆಚ್ಚು ಇದ್ದವು, ಅವುಗಳಲ್ಲಿ ಸುಮಾರು 19 ಲಕ್ಷ ಜನ ದುಡಿಯುತ್ತಿದ್ದರು.

ಸಂದರ್ಶನದಲ್ಲಿ ಏನು ನಡೆಯುತ್ತದೆ?

ಬ್ಯಾಂಕ್ ಪರೀಕ್ಷೆಗೆ ಸಿಲಬಸ್ ಇದೆ, ಹಳೆಯ ಪ್ರಶ್ನೆಪತ್ರಿಕೆ ಇದೆ, ಕಟ್ ಆಫ್ ಅಂಕ ಇದೆ. ಇಲ್ಲಿ ಅದಾವುದೂ ಇಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ಸುತ್ತು ಮಾತುಕತೆ ಇರುತ್ತದೆ. ಮೊದಲು ಎಚ್‌ಆರ್ ಫೋನ್ ಮಾಡುತ್ತಾರೆ. ಆಮೇಲೆ ಬರುವ ಸುತ್ತುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಪ್ರಶ್ನೆಗಳಿರುತ್ತವೆ.

ಒಂದು, ರೂಪಿಸುವ ಪ್ರಶ್ನೆ: “ವಯಸ್ಸಾದವರಿಗೆ ಒಂದು ಔಷಧದ ಆ್ಯಪ್ ಮಾಡಬೇಕು, ಹೇಗೆ ಮಾಡುತ್ತೀರಿ?”

ಎರಡು, ಲೆಕ್ಕದ ಅಂದಾಜು: “ಒಂದು ಪಟ್ಟಣದ ಸಂತೆಯಲ್ಲಿ ದಿನಕ್ಕೆ ಎಷ್ಟು ಯುಪಿಐ ಪಾವತಿ ಆಗಬಹುದು?”

ಮೂರು, ಕಾರಣ ಹುಡುಕುವ ಪ್ರಶ್ನೆ: “ಕಳೆದ ವಾರ ನಮ್ಮ ಆ್ಯಪ್‌ನಲ್ಲಿ ಹಣ ಕಳಿಸುವವರ ಸಂಖ್ಯೆ ಶೇ. 10ರಷ್ಟು ಇಳಿದಿದೆ, ಯಾಕೆ?”

ನಾಲ್ಕು, ನಿಮ್ಮ ಅನುಭವದ ಪ್ರಶ್ನೆ: “ನಿಮ್ಮ ಮಾತನ್ನು ಯಾರೂ ಒಪ್ಪದಿದ್ದಾಗ ಏನು ಮಾಡಿದಿರಿ?”

ಇದರ ಜೊತೆಗೆ ಮನೆಯಲ್ಲಿ ಕೂತು ಮಾಡಿಕೊಂಡು ಬರುವ ಅಸೈನ್‌ಮೆಂಟ್ ಒಂದು ಇರಬಹುದು.

ಈ ಪ್ರಶ್ನೆಗಳಿಗೆ ಒಂದೇ ಸರಿ ಉತ್ತರ ಇಲ್ಲ. ನೀವು ಹೇಗೆ ಯೋಚಿಸುತ್ತೀರಿ ಎಂಬುದನ್ನು ಎದುರಿನವರು ನೋಡುತ್ತಾರೆ. ಸಂತೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದರೆ ಕೆಲಸ ಕೆಟ್ಟಿತು. “200 ಅಂಗಡಿ ಇವೆ ಎಂದು ಹಿಡಿಯೋಣ. ಒಂದೊಂದಕ್ಕೆ ದಿನಕ್ಕೆ 60 ಗಿರಾಕಿ. ಒಟ್ಟು 12,000 ವ್ಯಾಪಾರ. ಮೂವರಲ್ಲಿ ಒಬ್ಬರು ಫೋನಿನಲ್ಲಿ ಕೊಟ್ಟರೆ 4,000 ಪಾವತಿ. ಆದರೆ ಕಾಯಿಪಲ್ಯೆ ಅಂಗಡಿಗೂ ಬಟ್ಟೆ ಅಂಗಡಿಗೂ ಗಿರಾಕಿಗಳ ಲೆಕ್ಕ ಬೇರೆ, ಅದನ್ನು ಬೇರೆ ಮಾಡಿ ನೋಡಲೇ?” ಎಂದು ಹೆಜ್ಜೆ ಹೆಜ್ಜೆಯಾಗಿ, ಕೇಳುವಂತೆ ಯೋಚಿಸಬೇಕು. 4,000 ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು.

ನಮ್ಮವರು ಎಡವುವ ಜಾಗಗಳು

ಮೊದಲನೆಯದು, ಎಲ್ಲರೂ ಹೇಳುವ ಇಂಗ್ಲಿಷ್. ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದಲ್ಲ. ಕನ್ನಡದಲ್ಲಿ ಓದು ಶುರುಮಾಡಿ, ಶಾಲೆಯಲ್ಲಿ ತೆಲುಗೂ ಕಲಿತು, ಕಾಲೇಜಿನಲ್ಲಿ ಇಂಗ್ಲಿಷಿಗೆ ಬಂದವರಿಗೆ ಗೊತ್ತಿರುವುದನ್ನು ಹೇಳಲು ಬರುತ್ತದೆ. ಆದರೆ ಗೊತ್ತಿಲ್ಲದ್ದನ್ನು ಆ ಭಾಷೆಯಲ್ಲಿ ಬಾಯಿಬಿಟ್ಟು ಯೋಚಿಸುವುದು ಕಷ್ಟ. ಮನಸ್ಸಿನೊಳಗೆ ಕನ್ನಡದಲ್ಲಿ ಲೆಕ್ಕ ಹಾಕುತ್ತಾ ಸುಮ್ಮನೆ ಕೂತರೆ, ಎದುರಿನವರು “ಇವರಿಗೆ ಹೊಳೆಯಲಿಲ್ಲ” ಎಂದು ಬರೆದುಕೊಳ್ಳುತ್ತಾರೆ. ಅರ್ಧ ನಿಮಿಷದ ಮೌನಕ್ಕೆ ನೌಕರಿ ಹೋಗಬಹುದು. “ಒಂದು ನಿಮಿಷ ಕೊಡಿ, ಬರೆದುಕೊಂಡು ಹೇಳುತ್ತೇನೆ” ಎಂದು ಕೇಳುವುದಕ್ಕೆ ಅಡ್ಡಿ ಇಲ್ಲ. ಇದು ಹೆಚ್ಚಿನವರಿಗೆ ಗೊತ್ತಿಲ್ಲ.

ಎರಡನೆಯದು, ಪ್ರಶ್ನೆಗೆ ಮರುಪ್ರಶ್ನೆ ಹಾಕದಿರುವುದು. ದೊಡ್ಡವರು ಕೇಳಿದಾಗ ಉತ್ತರ ಕೊಡಬೇಕು, ತಿರುಗಿ ಕೇಳಬಾರದು ಎಂದು ನಾವು ಬೆಳೆಸಿದ್ದೇವೆ. ಈ ಸಂದರ್ಶನದಲ್ಲಿ ಅದೇ ಮುಳುವಾಗುತ್ತದೆ. ಹಣ ಕಳಿಸುವವರು ಶೇ. 10 ಇಳಿದರು ಎಂದ ಕೂಡಲೇ ಕಾರಣ ಹೇಳಬಾರದು. ಎಲ್ಲ ಊರುಗಳಲ್ಲೂ ಇಳಿದಿದೆಯೇ, ಒಂದೇ ಬ್ಯಾಂಕಿನವರಿಗೆ ಇಳಿದಿದೆಯೇ, ಆ ವಾರ ಆ್ಯಪ್‌ನಲ್ಲಿ ಬದಲಾವಣೆ ಮಾಡಿದ್ದರೇ, ಹಿಂದಿನ ವಾರ ಹಬ್ಬ ಇತ್ತೇ ಎಂದು ಕೇಳಬೇಕು.

ಮೂರನೆಯದು, ತನ್ನ ಕೆಲಸವನ್ನು ತನ್ನದೆಂದು ಹೇಳಲು ಸಂಕೋಚ. “ನಾವೆಲ್ಲ ಸೇರಿ ಮಾಡಿದೆವು” ಎನ್ನುವುದು ನಮ್ಮ ಸಂಸ್ಕಾರ. ಸಂದರ್ಶಕರಿಗೆ ಮಾತ್ರ ಅದರಲ್ಲಿ ನಿಮ್ಮ ಪಾಲು ಎಷ್ಟೆಂದು ಬೇಕು. ಪರಿಸ್ಥಿತಿ ಏನಿತ್ತು, ನನ್ನ ಹೊಣೆ ಏನು, ನಾನು ಏನು ಮಾಡಿದೆ, ಫಲ ಏನಾಯಿತು ಎಂದು ನಾಲ್ಕು ಮಾತಿನಲ್ಲಿ ಹೇಳುವ ಅಭ್ಯಾಸ ಬೇಕು.

ನಾಲ್ಕನೆಯದು, ಕಾಣದ ಸಿಲಬಸ್. “ನಿಮಗೆ ಇಷ್ಟವಾದ ಆ್ಯಪ್ ಯಾವುದು, ಅದನ್ನು ಹೇಗೆ ಸುಧಾರಿಸುತ್ತೀರಿ?” ಎಂದಾಗ ಬರುವ ಉತ್ತರಗಳು ಹೆಚ್ಚಾಗಿ ನಗರದ ಬದುಕಿನವು. ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಸೇವೆ ನಮ್ಮ ಹಳ್ಳಿಗಳನ್ನು ಮುಟ್ಟಿಲ್ಲ. ಅದನ್ನು ದಿನಾ ಬಳಸುವವರ ಜೊತೆ ಅದರ ಬಗ್ಗೆಯೇ ವಾದಿಸಹೊರಟ ನಮ್ಮ ಹುಡುಗ ಓದಿಕೊಂಡು ಬಂದದ್ದನ್ನು ಒಪ್ಪಿಸುತ್ತಾನೆ, ಅದು ಎದುರಿನವರಿಗೆ ತಿಳಿದುಬಿಡುತ್ತದೆ.

ಕೈಯಲ್ಲಿರುವ ಬಂಗಾರ

ಇನ್ನು ಈ ಲೇಖನದ ಮುಖ್ಯ ಮಾತು. ಈ ಕೆಲಸಕ್ಕೆ ಬೇಕಾದ ದೊಡ್ಡ ಗುಣವೆಂದರೆ ಬಳಸುವವರ ತೊಂದರೆಯನ್ನು ಹತ್ತಿರದಿಂದ ತಿಳಿದಿರುವುದು. ಗಡಿಯಲ್ಲಿ ಬೆಳೆದವರಿಗೆ ಅದು ಬೇಕಾದಷ್ಟು ಇದೆ. ಅದನ್ನು ಸಂದರ್ಶನದಲ್ಲಿ ಹೇಳಬಹುದು ಎಂಬುದೇ ಅವರಿಗೆ ಹೊಳೆದಿಲ್ಲ.

ಒಂದು ಆ್ಯಪ್ ನಮ್ಮ ರಾಜ್ಯ ನೋಡಿ ಭಾಷೆ ಆರಿಸಿದರೆ ದಾಮರಗಿದ್ದದ ಅಜ್ಜಿಗೆ ತೆಲುಗು ಬರುತ್ತದೆ. ಅಜ್ಜಿ ಮನೆಯಲ್ಲಿ ಆಡುವುದು ಕನ್ನಡ. ಟೆಲಿಕಾಂ ಲೆಕ್ಕದಲ್ಲಿ ತೆಲಂಗಾಣ ಇವತ್ತಿಗೂ ಆಂಧ್ರಪ್ರದೇಶ ಸರ್ಕಲ್ಲಿನ ಭಾಗ. ಗಡಿಯ ಹೊಲದಲ್ಲಿ ನಿಂತ ಫೋನು ಕರ್ನಾಟಕದ ಟವರನ್ನೂ ಹಿಡಿಯುತ್ತದೆ. ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇದ್ದು ಅದು ಮಗನ ಕೈಯಲ್ಲಿದ್ದರೆ, ಅವ್ವನ ಖಾತೆಗೆ ಬಂದ ಓಟಿಪಿ ಅವ್ವನಿಗೆ ಸಿಗುವುದು ಸಂಜೆಗೆ. ಇಂಥ ಸಂಗತಿಗಳು ಬೆಂಗಳೂರಿನ ಸಭೆಯಲ್ಲಿ ಕೂತವರಿಗೆ ತಾವಾಗಿ ಹೊಳೆಯುವುದಿಲ್ಲ. ಔಷಧದ ಆ್ಯಪ್ ಪ್ರಶ್ನೆ ಬಂದಾಗ, “ಫೋನು ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ, ಅವರಿಗೆ ಓದಲು ಬರುವುದು ಯಾವ ಲಿಪಿ ಎಂಬುದನ್ನು ನಾನು ಮೊದಲು ಬೇರೆ ಮಾಡುತ್ತೇನೆ. ಯಾಕೆಂದರೆ ನಮ್ಮ ಊರಲ್ಲಿ ಈ ಮೂರೂ ಬೇರೆ ಬೇರೆ” ಎಂದು ಶುರುಮಾಡಿದ ಅಭ್ಯರ್ಥಿಯ ಮಾತಿಗೆ ಯಾರಾದರೂ ಕಿವಿಗೊಡಬೇಕು.

ಇದು ಬರೀ ಸಮಾಧಾನದ ಮಾತಲ್ಲ, ಮಾರುಕಟ್ಟೆಯಲ್ಲೇ ಉದಾಹರಣೆ ಇವೆ. ಇಂಟರ್‌ನೆಟ್ ಇಲ್ಲದ ಸಾದಾ ಫೋನಿನಲ್ಲೂ ಹಣ ಕಳಿಸಲು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ‘ಯುಪಿಐ 123ಪೇ’ ಬಿಡುಗಡೆ ಮಾಡಿತು. ಅದೇ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಆಟೋ ಚಾಲಕರ ಜೊತೆ ಸೇರಿ ಬಂದ ಆ್ಯಪ್ ‘ನಮ್ಮ ಯಾತ್ರಿ’ ಎಂದು ಕನ್ನಡದ ಹೆಸರನ್ನೇ ಇಟ್ಟುಕೊಂಡಿತು. ‘ಕೂ’ 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿ, ಬೇರೆ ಭಾಷೆಗಳಿಗೆ ಬೆಳೆದು, 2024ರ ಜುಲೈನಲ್ಲಿ ಮುಚ್ಚಿತು. ಭಾಷೆ ಬಾಗಿಲು ತೆರೆಯುತ್ತದೆ, ಆದರೆ ಭಾಷೆಯೊಂದರಿಂದಲೇ ಕಂಪನಿ ನಡೆಯುವುದಿಲ್ಲ ಎಂಬ ಪಾಠ ಇದರಲ್ಲಿದೆ. ಸಂದರ್ಶನದಲ್ಲಿ ಈ ಎರಡೂ ಬದಿಯನ್ನು ಹೇಳಬಲ್ಲವರೇ ಗಟ್ಟಿ ಅಭ್ಯರ್ಥಿಗಳು.

ಕಂಪನಿಗಳದೂ ತಪ್ಪಿದೆ

ಎಲ್ಲವನ್ನೂ ಅಭ್ಯರ್ಥಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡು ಮೂರು ದಿನ ನಿದ್ದೆಗೆಟ್ಟು ಅಸೈನ್‌ಮೆಂಟ್ ಮಾಡಿಕೊಟ್ಟವರಿಗೆ ಒಂದು ಸಾಲಿನ ಉತ್ತರವೂ ಬಾರದಿರುವುದು ಸಾಮಾನ್ಯವಾಗಿದೆ. ಆಯ್ಕೆಯಾಗಲಿಲ್ಲ ಎಂದರೆ ಯಾಕೆಂದು ಹೇಳುವುದಿಲ್ಲ. 2022, 2023ರಲ್ಲಿ ತಂತ್ರಜ್ಞಾನ ಕಂಪನಿಗಳು ಜಗತ್ತಿನಾದ್ಯಂತ ನೌಕರರನ್ನು ತೆಗೆದ ಮೇಲೆ ಅನುಭವಿಗಳೂ ಹೊಸಬರ ಜೊತೆ ಸಾಲಿನಲ್ಲಿ ನಿಂತರು. ಈಗ ಎಐ ಬಳಸಿ ಮಾದರಿ ಮಾಡಿ ತೋರಿಸಿ ಎಂಬ ಬೇಡಿಕೆಯೂ ಸೇರಿದೆ. ನಗರದ ಹಾಸ್ಟೆಲಿನಲ್ಲಿರುವವರಿಗೂ ಹಳ್ಳಿಯ ಮನೆಯಲ್ಲಿ ಕರೆಂಟಿಗೆ ಕಾಯುತ್ತಾ ಆನ್‌ಲೈನ್ ಸಂದರ್ಶನಕ್ಕೆ ಕೂತವರಿಗೂ ಗಡಿಯಾರ ಒಂದೇ.

ಇದಕ್ಕೆ ಅಭ್ಯರ್ಥಿ ಮಾಡಬಹುದಾದದ್ದು ಸ್ವಲ್ಪ ಇದೆ. ಅಸೈನ್‌ಮೆಂಟ್ ಕೊಟ್ಟಾಗ ಎಷ್ಟು ಗಂಟೆಯ ಕೆಲಸ ಎಂದು ಮೊದಲೇ ಕೇಳಿ. ಕಳಿಸಿದ್ದರ ಒಂದು ಪ್ರತಿ ಇಟ್ಟುಕೊಳ್ಳಿ. ಸಂದರ್ಶನದ ಮಧ್ಯೆ ಲೈನ್ ಹೋದರೆ ಯಾವ ನಂಬರಿಗೆ ಕರೆ ಮಾಡಬೇಕೆಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ತಂದೆ ತಾಯಿಗಳಿಗೂ ಒಂದು ಎಚ್ಚರಿಕೆ. “ಈ ಕೋರ್ಸ್ ಮಾಡಿದರೆ ಪ್ರಾಡಕ್ಟ್ ಮ್ಯಾನೇಜರ್ ನೌಕರಿ ಗ್ಯಾರಂಟಿ” ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸಾಲ ಮಾಡುವ ಮುಂಚೆ ನಾಲ್ಕು ಜನರನ್ನು ವಿಚಾರಿಸಿ. ಕಾಲೇಜಿನಿಂದ ನೇರವಾಗಿ ಈ ಹುದ್ದೆಗೆ ತೆಗೆದುಕೊಳ್ಳುವುದು ಕಡಿಮೆ. ಹೆಚ್ಚಿನವರು ಎಂಜಿನಿಯರ್, ಬಿಸಿನೆಸ್ ಅನಲಿಸ್ಟ್, ಟೆಸ್ಟಿಂಗ್, ಗ್ರಾಹಕ ಸೇವೆ ಎಂದು ಬೇರೆ ಬಾಗಿಲಿನಿಂದ ಒಳಗೆ ಹೋಗಿ, ಎರಡು ಮೂರು ವರ್ಷದಲ್ಲಿ ಈ ಕಡೆ ಬಂದವರು. ಸಂದರ್ಶನಕ್ಕೆ ದುಡ್ಡು ಕೇಳಿದರೆ ಅದು ನೌಕರಿಯಲ್ಲ, ಮೋಸ.

‘ಸ್ಥಳೀಯ’ ಎಂದರೆ ಯಾರು?

ಇಲ್ಲಿ ನಮ್ಮ ಗಡಿಯದೇ ಆದ ಒಂದು ಗಂಟು ಇದೆ. 1956ಕ್ಕೆ ಮುಂಚೆ ನಾರಾಯಣಪೇಟೆ, ಗದ್ವಾಲ, ರಾಯಚೂರು, ಯಾದಗಿರಿ ಎಲ್ಲವೂ ಹೈದರಾಬಾದ್ ಸಂಸ್ಥಾನದವು. ರಾಜ್ಯಗಳ ವಿಂಗಡಣೆಯಾದಾಗ ಗೆರೆ ಬಿತ್ತು, ನಾವು ಈ ಕಡೆ ಉಳಿದೆವು. ಗೆರೆಯ ಆ ಕಡೆಯ ನೆಂಟರಿಗೆ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮೀಸಲು ಸಿಕ್ಕಿತು. ಈ ಕಡೆ ನಮಗೆ 2018ರ ರಾಷ್ಟ್ರಪತಿ ಆದೇಶದಂತೆ ತೆಲಂಗಾಣದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗಿರುವ ಶೇ. 95ರ ಮೀಸಲು ಇದೆ. ಇವೆರಡೂ ಖಾಸಗಿ ಕಂಪನಿಯ ನೌಕರಿಗೆ ಅನ್ವಯಿಸುವುದಿಲ್ಲ.

2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟ ಖಾಸಗಿ ವಲಯಕ್ಕೂ ಒಂದು ಮಸೂದೆಯನ್ನು ಒಪ್ಪಿತು. ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬುದು ಅದರ ಸಾರ. ಉದ್ಯಮಿಗಳ ವಿರೋಧ ಬಂದು ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಆಗ ಎಲ್ಲರೂ ಪರ, ವಿರೋಧ ಎಂದು ಮಾತಾಡಿದರು. ನಾವು ಓದಬೇಕಾದದ್ದು ಅದರ ವ್ಯಾಖ್ಯೆಯನ್ನು. ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು, ಅದಕ್ಕೆ ಪರೀಕ್ಷೆಯಲ್ಲಿ ಪಾಸಾಗಬೇಕು. ನಮ್ಮ ಮಕ್ಕಳು ಕನ್ನಡದ ಪರೀಕ್ಷೆ ಪಾಸಾಗುತ್ತಾರೆ, ಮೊದಲೆರಡರಲ್ಲಿ ಫೇಲಾಗುತ್ತಾರೆ. ಹೆರಿಗೆಗೆ ರಾಯಚೂರಿನ ಆಸ್ಪತ್ರೆಗೆ ಹೋದ ತಾಯಿಯ ಮಗು ಕರ್ನಾಟಕದಲ್ಲೇ ಹುಟ್ಟಿದರೂ, ಬೆಳೆದದ್ದು ಮಕ್ತಲಿನಲ್ಲಾದರೆ 15 ವರ್ಷದ ಲೆಕ್ಕದಲ್ಲಿ ಹೊರಗೇ ಉಳಿಯುತ್ತದೆ.

ಇಂಥ ಕಾನೂನು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಹರಿಯಾಣದ ಶೇ. 75ರ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತು. ಆದರೆ ಮಸೂದೆ ಮತ್ತೆ ಯಾವ ರೂಪದಲ್ಲಾದರೂ ಬರಬಹುದು. ಬಂದರೆ ನಮ್ಮ ಬೇಡಿಕೆ ಸಿದ್ಧವಿರಬೇಕು. ಅದಕ್ಕೆ ಮಾದರಿ ಕರ್ನಾಟಕದಲ್ಲೇ ಇದೆ. ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದ್ದು, ಅವರಿಗೆ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತಾರೆ. ಸೀಟಿಗೆ ಒಪ್ಪಿದ ಮಾತನ್ನು ನೌಕರಿಗೂ ಒಪ್ಪಿ ಎಂದು ಕೇಳುವುದು ಅತಿಯಾಸೆಯಲ್ಲ.

ಹಾಗೆಂದು ಕಾನೂನಿಗೆ ಕಾಯುತ್ತಾ ಕೂರಲಾಗದು. ಮೀಸಲು ಇದ್ದರೂ ಇಲ್ಲದಿದ್ದರೂ ಆ ಕೋಣೆಯೊಳಗೆ ಕೂತು ಉತ್ತರ ಹೇಳಬೇಕಾದವರು ನಮ್ಮ ಮಕ್ಕಳೇ.

ನಾವು ಏನು ಮಾಡಬಹುದು?

ಸಂಘದ ಶಕ್ತಿಗೆ ತಕ್ಕಂತೆ ಮೂರು ಕೆಲಸ ಮಾಡಬಹುದು ಎಂದು ತೋರುತ್ತದೆ.

ಮೊದಲನೆಯದು, ಅಣಕು ಸಂದರ್ಶನ. ಹೈದರಾಬಾದ್, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಊರಿನವರು ತಿಂಗಳಿಗೆ ಒಂದು ಗಂಟೆ ಫೋನಿನಲ್ಲಿ ಕೊಟ್ಟರೆ ಸಾಕು. ಮೊದಲ ಅರ್ಧ ಗಂಟೆ ಕನ್ನಡದಲ್ಲೇ ಯೋಚಿಸಲಿ, ಉತ್ತರ ಕಟ್ಟಲಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಲಿ. ಯೋಚನೆ ಗಟ್ಟಿಯಾದರೆ ಭಾಷೆ ಹಿಂದೆ ಬರುತ್ತದೆ.

ಎರಡನೆಯದು, ಅನುಭವದ ವಹಿ. ಸಂದರ್ಶನಕ್ಕೆ ಹೋಗಿ ಬಂದವರು ತಮ್ಮ ಹೆಸರು, ಕಂಪನಿಯ ಹೆಸರು ಬರೆಯದೆ, ಎಷ್ಟು ಸುತ್ತು, ಯಾವ ಪ್ರಶ್ನೆ, ಎಲ್ಲಿ ತಡವರಿಸಿದೆ, ಉತ್ತರ ಬಂತೋ ಇಲ್ಲವೋ ಎಂದು ಒಂದು ಪುಟ ಬರೆದುಕೊಡಲಿ. ಫೇಲಾದವರ ಪುಟವೇ ಮುಂದಿನವರಿಗೆ ಹೆಚ್ಚು ಉಪಯೋಗ. ಸಿಲಬಸ್ ಇಲ್ಲದ ಪರೀಕ್ಷೆಗೆ ಇದೇ ಸಿಲಬಸ್.

ಮೂರನೆಯದು, ಒಂದು ಶಾಂತವಾದ ಕೋಣೆ. ಇನ್ವರ್ಟರ್, ಒಳ್ಳೆಯ ಇಂಟರ್‌ನೆಟ್, ಒಂದು ಮೇಜು, ಒಂದು ಕುರ್ಚಿ. ನಾರಾಯಣಪೇಟೆಯಲ್ಲೋ ಮಕ್ತಲಿನಲ್ಲೋ ಸದಸ್ಯರೊಬ್ಬರ ಮನೆಯ ಮಾಳಿಗೆಯಾದರೂ ಸರಿ. ಆನ್‌ಲೈನ್ ಸಂದರ್ಶನದ ದಿನ ಮಕ್ಕಳು ಅಲ್ಲಿಗೆ ಬಂದು ಕೂರಲಿ.

2023ರ ಅಕ್ಟೋಬರ್ 1ರಂದು ಕೃಷ್ಣಾದವರೆಗಿನ ಹೊಸ ಹಳಿಯ ಉದ್ಘಾಟನೆಯಾಗಿ, ಕಾಚಿಗುಡ ಮತ್ತು ರಾಯಚೂರಿನ ನಡುವೆ ನಮ್ಮ ಜಿಲ್ಲೆಯ ಮೂಲಕವೇ ರೈಲು ಶುರುವಾಯಿತು. ಆ ಹಳಿಗಾಗಿ ನಮ್ಮ ಹಿರಿಯರು ಬಹಳ ವರ್ಷ ಕಾದಿದ್ದರು. ಈಗ ಮಕ್ಕಳು ಸಂದರ್ಶನಕ್ಕೆ ಎರಡೂ ದಿಕ್ಕಿಗೆ ಹೊರಡಬಹುದು. ಹೊರಡುವ ಮುಂಚೆ ಅವರ ಜೊತೆ ಕೂತು ಒಂದು ಗಂಟೆ ಮಾತಾಡುವವರು ಬೇಕು. ಆ ಗಂಟೆ ಕೊಡಬಲ್ಲ ಸದಸ್ಯರು ಮುಂದಿನ ಸಭೆಯಲ್ಲಿ ತಿಳಿಸಬೇಕಾಗಿ ವಿನಂತಿ. ಸಂದರ್ಶನಕ್ಕೆ ಹೋಗಿ ಬಂದ ಮಕ್ಕಳೂ ಬರಲಿ. ಆಯ್ಕೆಯಾಗದವರು ಮೊದಲು ಬರಲಿ.